ಮದುವೆ ವಿಡಿಯೋದಲ್ಲಿ ವಾಲಗ ಎಲ್ಲಿ ಹೋಯಿತು?

ಮದುವೆ ವಿಡಿಯೋ ಬಗ್ಗೆ ಮಾತು ಬಂದರೆ ಸಾಕು, ನಮ್ಮ ವಯಸ್ಸಿನವರು "ಹಳೇ ಕ್ಯಾಸೆಟ್ಟೇ ಚಂದ, ಈಗಿನದೆಲ್ಲ ಬರೀ ಶೋಕಿ" ಅಂತ ಶುರು ಮಾಡುತ್ತಾರೆ. ಹುಡುಗರಿಗೆ ಹಳೇ ವಿಡಿಯೋ ತೋರಿಸಿದರೆ ಬಿದ್ದು ಬಿದ್ದು ನಗುತ್ತಾರೆ. ನನಗೆ ಎರಡೂ ಕಡೆಯವರ ಮೇಲೆ ಒಂದೇ ತಕರಾರು. ಇಷ್ಟು ವರ್ಷಗಳಲ್ಲಿ ಕ್ಯಾಮೆರಾ ಬದಲಾಯಿತು, ಲೈಟ್ ಬದಲಾಯಿತು, ರೇಟಂತೂ ಕೇಳಲೇಬೇಡಿ. ಆದರೆ ಒಂದು ಕೆಲಸ ಮಾತ್ರ ಕ್ಯಾಸೆಟ್ ಕಾಲದಿಂದ ಇಂದಿನವರೆಗೂ ತಪ್ಪದೆ ನಡೆದುಕೊಂಡು ಬಂದಿದೆ. ಮದುವೆಮನೆಯ ಶಬ್ದವನ್ನು ತೆಗೆದು ಬಿಸಾಡಿ ಅದರ ಜಾಗದಲ್ಲಿ ಸಿನಿಮಾ ಹಾಡು ಹಾಕುವುದು.

ಸುಮ್ನೆ ಹೇಳುತ್ತಿಲ್ಲ. ತೊಂಬತ್ತರ ದಶಕದಲ್ಲಿ ಮಡಿಕೇರಿ ಸುತ್ತಮುತ್ತಲಿನ ಮದುವೆಗಳಲ್ಲಿ ಲೈಟ್ ಹಿಡಿದವನು ನಾನು. ಆಮೇಲೆ ಕ್ಯಾಮೆರಾ ಹಿಡಿದೆ. ಈಗ ಜನರ ಹಳೇ ಕ್ಯಾಸೆಟ್‌ಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಡುವುದೇ ಜಾಸ್ತಿ ಕೆಲಸ. ಹಾಗಾಗಿ ಊರವರ ಮದುವೆಗಳನ್ನೆಲ್ಲ ಎರಡೆರಡು ಸಲ ನೋಡುವ ಭಾಗ್ಯ ನನ್ನದು. ಒಮ್ಮೆ ನಡೆಯುವಾಗ, ಇನ್ನೊಮ್ಮೆ ಈಗ.

1982ರ ಏಷ್ಯಾಡ್ ಹೊತ್ತಿಗೆ ದೇಶಕ್ಕೆ ಕಲರ್ ಟಿ.ವಿ. ಬಂತು. ಅದರ ಹಿಂದೆಯೇ ಗಲ್ಫಿನಲ್ಲಿದ್ದವರ ಸೂಟ್‌ಕೇಸಿನಲ್ಲಿ ವಿಡಿಯೋ ಕ್ಯಾಸೆಟ್ ಹಾಕಿ ನೋಡುವ ವಿಸಿಆರ್ ಬಂತು. ನಾನು ಈ ಕೆಲಸಕ್ಕೆ ಸೇರುವಷ್ಟರಲ್ಲಿ ಸ್ಟುಡಿಯೋಗಳ ಕೈಯಲ್ಲಿ ಪ್ಯಾನಾಸೋನಿಕ್‌ನ ಎಂ-3500, ಎಂ-9000 ಇದ್ದವು. ಪೂರ್ತಿ ಸೈಜಿನ ವಿಎಚ್ಎಸ್ ಕ್ಯಾಸೆಟ್ ಅದರ ಹೊಟ್ಟೆಯೊಳಗೇ ಕೂರುತ್ತಿತ್ತು. ಭುಜದ ಮೇಲೆ ಹೊತ್ತು ನಿಂತರೆ ಕ್ಯಾಮೆರಾದವರಿಗೆ ಮದುಮಗನಷ್ಟೇ ಮರ್ಯಾದೆ. ಊಟಕ್ಕೆ ಮೊದಲ ಪಂಕ್ತಿ. ಲೈಟ್ ಹಿಡಿದವನಿಗೆ ಕೊನೆಯದು.

ಆ ಲೈಟಿನ ಕಷ್ಟ ಈಗಿನ ಹುಡುಗರಿಗೆ ಹೇಳಿದರೂ ಅರ್ಥವಾಗುವುದಿಲ್ಲ. ಸಾವಿರ ವಾಟ್‌ನ ಹ್ಯಾಲೊಜೆನ್. ಅದನ್ನು ಎತ್ತಿ ಹಿಡಿದು ಕ್ಯಾಮೆರಾದವರ ಹಿಂದೆಯೇ ಓಡಬೇಕು. ವಯರಿಗೆ ಮಕ್ಕಳು ಎಡವದ ಹಾಗೆ ನೋಡಿಕೊಳ್ಳುವುದೂ ನಮ್ಮದೇ ಕೆಲಸ. ಮನೆ ಅಂಗಳದ ಮದುವೆಯಾದರೆ ಸ್ವಿಚ್ ಹಾಕಿದ ಕೂಡಲೇ ಫ್ಯೂಸ್ ಹಾರುತ್ತಿತ್ತು. ಕಾಫಿ ಕುಯ್ದು ಮಾರಿ, ಕೈಗೆ ದುಡ್ಡು ಬಂದು, ಏಪ್ರಿಲ್ ಮೇನಲ್ಲಿ ನಮ್ಮಲ್ಲಿ ಮದುವೆಗಳ ಸಾಲು. ಅದೇ ಹೊತ್ತಿಗೆ ಮೊದಲ ಮಳೆ. ಮಳೆ ಬಿದ್ದ ರಾತ್ರಿ ಮದರಂಗಿಗೆ ಲೈಟ್ ಹಾಕಿದಿರೋ, ರೆಕ್ಕೆಹುಳುಗಳೆಲ್ಲ ಎದ್ದು ನೇರ ಬರುವುದು ಅದಕ್ಕೇ. ಮದುಮಗಳ ತಲೆಯಲ್ಲಿ ಹುಳು, ಅರಶಿನದ ತಟ್ಟೆಯಲ್ಲಿ ಹುಳು, ನನ್ನ ಶರ್ಟಿನೊಳಗೂ ಹುಳು. ಅತ್ತೆ ಚಿಕ್ಕಮ್ಮಂದಿರು ಸೆರಗಿನಲ್ಲಿ ಹುಳು ಓಡಿಸುತ್ತಲೇ ಶೋಭಾನೆ ಹಾಡುತ್ತಿದ್ದರು. ನಾವು ಅರೆಭಾಷೆ ಅನ್ನುವ ಕನ್ನಡದ ಒಳನುಡಿ ಆಡುವ ಗೌಡರು. ನಮ್ಮ ಮದುವೆಯಲ್ಲಿ ಎಣ್ಣೆ ಅರಶಿನಕ್ಕೂ ಶೋಭಾನೆ, ಮದರಂಗಿಗೂ ಶೋಭಾನೆ.

ಲೈಟ್ ಮುಖಕ್ಕೆ ಬಿದ್ದ ಕೂಡಲೇ ಜನ ಅಲ್ಲಾಡದೆ ನಿಂತುಬಿಡುತ್ತಿದ್ದರು. ಫೋಟೋ ಅಂತಲೇ ಅವರ ಲೆಕ್ಕ. "ಇದು ವಿಡಿಯೋ ಮಾರಾಯ್ರೆ, ಏನಾದ್ರೂ ಮಾತಾಡಿ" ಅಂತ ಕ್ಯಾಮೆರಾದವರು ಕೂಗಬೇಕು. ಪಾಪ, ಅವರು ನಾಚುತ್ತ ನಾಚುತ್ತ ಮಾತಾಡುತ್ತಿದ್ದರು. ಆ ಮಾತು ಕ್ಯಾಸೆಟ್ಟಿನಲ್ಲಿ ರೆಕಾರ್ಡೂ ಆಗುತ್ತಿತ್ತು. ಆದರೆ ಮನೆಯವರ ಕೈಗೆ ಬರುವ ಕ್ಯಾಸೆಟ್ಟಿನಲ್ಲಿ ಬಾಯಿ ಅಲ್ಲಾಡುವುದು ಮಾತ್ರ ಕಾಣುತ್ತಿತ್ತು.

ಆಗುತ್ತಿದ್ದದ್ದು ಇಷ್ಟೇ. ನಮ್ಮ ಸ್ಟುಡಿಯೋದಲ್ಲಿ ಮಿಕ್ಸರ್ ಇರಲಿಲ್ಲ. ಶೂಟ್ ಮಾಡಿದ ಮಾಸ್ಟರ್ ಕ್ಯಾಸೆಟ್‌ಗಳು ಬಸ್ಸು ಹತ್ತಿ ಮೈಸೂರಿಗೆ ಹೋಗುತ್ತಿದ್ದವು. ಅಲ್ಲಿ ಮಿಕ್ಸಿಂಗ್ ಮಾಡುವವರು ಒಂದು ವಿಸಿಆರ್‌ನಿಂದ ಇನ್ನೊಂದಕ್ಕೆ ಕಾಪಿ ಮಾಡುತ್ತ ಹೃದಯದ ಆಕಾರ, ಗುಲಾಬಿ ಹೂವು, ಚಂದ್ರನೊಳಗೆ ಮದುಮಗಳ ಮುಖ ಎಲ್ಲ ಸೇರಿಸುತ್ತಿದ್ದರು. ಜೊತೆಗೆ ಟೇಪ್‌ರೆಕಾರ್ಡರಿನಿಂದ ಹಾಡು. ಹೆಚ್ಚಿನ ಸಲ ಮಾಸ್ಟರ್‌ನ ಶಬ್ದದ ವಯರ್ ಚುಚ್ಚುತ್ತಲೇ ಇರಲಿಲ್ಲ. ಆಮೇಲೆ ಆ ಮಾಸ್ಟರ್ ಕ್ಯಾಸೆಟ್ ಏನಾಗುತ್ತಿತ್ತು ಗೊತ್ತಾ? ಮುಂದಿನ ವಾರ ಅದರ ಮೇಲೆಯೇ ಇನ್ನೊಬ್ಬರ ಮದುವೆ. ಕ್ಯಾಸೆಟ್ ದುಬಾರಿ, ಯಾರೂ ಇಟ್ಟುಕೊಳ್ಳುತ್ತಿರಲಿಲ್ಲ.

ಮಿಕ್ಸಿಂಗ್ ಮಾಡುವ ಪುಣ್ಯಾತ್ಮ ಒಂದು ದಿನವೂ ಕೊಡಗಿನ ಮದುವೆ ನೋಡಿದವರಲ್ಲ. ಕೊಡವರ ಮದುವೆಯಲ್ಲಿ ಗಂಗಾಪೂಜೆ ಅಂತ ಇದೆ. ಮದುಮಗಳು ಬಾವಿಯಿಂದ ನೀರು ತುಂಬಿಕೊಂಡು ಬರುವಾಗ ಗಂಡಿನ ಕಡೆಯವರು ಎದುರು ನಿಂತು ದಾರಿ ಕೊಡದೆ ಕುಣಿಯುತ್ತಾರೆ. ತಲೆಯ ಮೇಲೆ ಕೊಡ ಇಟ್ಟುಕೊಂಡು ಅವಳು ಒಂದೊಂದೇ ಹೆಜ್ಜೆ. ವಾಲಗದವರು ನಿಧಾನಕ್ಕೆ ಶುರು ಮಾಡಿ ಗತಿ ಏರಿಸುತ್ತ ಹೋಗುತ್ತಾರೆ. ಅಲ್ಲಿ ನಡೆಯುವುದೆಲ್ಲ ಆ ಗತಿಯ ಮೇಲೆಯೇ. ವಿಡಿಯೋದಲ್ಲಿ ಏನಾಗಿದೆ? ಮೈಸೂರಿನವರಿಗೆ ಕುಣಿತ ಕಂಡಿತು, ಯಾವುದೋ ಹಿಂದಿ ಡಿಸ್ಕೋ ಹಾಡು ಹಾಕಿದರು. ಕುಣಿಯುವವರ ಕಾಲು ವಾಲಗದ ಪೆಟ್ಟಿಗೆ ಬೀಳುತ್ತಿದೆ, ಹಾಡಿನ ತಾಳ ಬೇರೆಯೇ ಇದೆ. ಕುಪ್ಯ ಅನ್ನುವ ಉದ್ದ ಕೋಟು ಹಾಕಿಕೊಂಡ ಗಂಡಸರೆಲ್ಲ ಸೇರಿ ತಾಳ ತಪ್ಪಿದವರ ಹಾಗೆ ಕಾಣುತ್ತಾರೆ. ಈ ಥರದ ಕ್ಯಾಸೆಟ್ ಎಷ್ಟು ಮನೆಗಳಲ್ಲಿ ಇದೆಯೋ, ದೇವರೇ ಬಲ್ಲ.

ಇದಕ್ಕಿಂತ ಹೊಟ್ಟೆ ಉರಿಯುವುದು ಸಮ್ಮಂಧ ಕೊಡುವಾಗ. ಎರಡೂ ಮನೆಯ ಪರವಾಗಿ ಮಾತಾಡುವ ಹಿರಿಯರು, ಅಂದರೆ ಅರುವರು, ಎದುರು ಬದುರು ನಿಂತು ಕೊಡವ ತಕ್ಕ್‌ನಲ್ಲಿ, ಅಂದರೆ ಕೊಡವ ಭಾಷೆಯಲ್ಲಿ, ಕೇಳುತ್ತಾರೆ, ಉತ್ತರ ಕೊಡುತ್ತಾರೆ. ಹುಡುಗಿಗೆ ಹೋದ ಮನೆಯಲ್ಲಿ ಹಕ್ಕು ಸಿಗುವುದು ಆ ಮಾತಿನಿಂದ. ಪುರೋಹಿತರ ಮಂತ್ರ ಇಲ್ಲದ ಮದುವೆಯಲ್ಲಿ ಮಂತ್ರದ ಜಾಗದಲ್ಲಿ ಇರುವುದೇ ಆ ಮಾತು. ಅದರ ಮೇಲೆ ಕೊಳಲಿನ ಟ್ಯೂನ್ ಹಾಕಿದರೆ ಉಳಿಯುವುದು ಏನು? ಇಬ್ಬರು ಹಿರಿಯರು ಸುಮ್ಮನೆ ಬಾಯಿ ಆಡಿಸುವುದು.

ಇನ್ನು ಕ್ಯಾಸೆಟ್‌ಗಳ ಇವತ್ತಿನ ಸ್ಥಿತಿ. ನಮ್ಮ ಮಳೆ ನಿಮಗೆ ಗೊತ್ತೇ ಇದೆ. ಜೂನ್‌ನಲ್ಲಿ ಹಿಡಿದರೆ ಬೀರುವಿನಲ್ಲಿಟ್ಟ ಬೆಲ್ಟಿಗೂ ಬೂಷ್ಟು, ಚಪ್ಪಲಿಗೂ ಬೂಷ್ಟು. ಕ್ಯಾಸೆಟ್ ಬಿಡುತ್ತದೆಯೇ? ಅದರ ಮೇಲಿನ ಪ್ಲಾಸ್ಟಿಕ್ ಕಿಟಕಿಯನ್ನು ಬೆಳಕಿಗೆ ಹಿಡಿದು ನೋಡಿ. ಸುತ್ತಿದ ಟೇಪಿನ ಅಂಚಿನಲ್ಲಿ ಬಿಳಿ ಪುಡಿಯೋ, ನೂಲಿನಂಥ ಗೆರೆಯೋ ಕಂಡರೆ ಅದೇ ಬೂಷ್ಟು. ವಿಎಚ್ಎಸ್ ಟೇಪ್ ಅರ್ಧ ಇಂಚು ಅಗಲ. ಚಿತ್ರ ನಡುಭಾಗದಲ್ಲಿ ಇರುತ್ತದೆ. ಮಾಮೂಲಿ ಶಬ್ದ ಇರುವುದು ಮೇಲಿನ ಅಂಚಿನ ಒಂದು ಮಿಲಿಮೀಟರ್ ಪಟ್ಟಿಯಲ್ಲಿ. ಬೂಷ್ಟು ಹಿಡಿಯುವುದೂ ಅಂಚಿನಿಂದಲೇ. ಅಂದರೆ ಮಿಕ್ಸಿಂಗ್ ಮಾಡುವವರ ಕೈಯಿಂದ ತಪ್ಪಿಸಿಕೊಂಡ ಚೂರುಪಾರು ಶಬ್ದಕ್ಕೂ ನಮ್ಮ ಮಳೆಯೇ ಮೊದಲ ಶತ್ರು. ಇಷ್ಟರ ಮೇಲೆ 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿಯಿತು. ಮಕ್ಕಂದೂರು, ಜೋಡುಪಾಲ ಕಡೆ ಮನೆಯೇ ಹೋದವರಿಗೆ ಕ್ಯಾಸೆಟ್ಟಿನ ಮಾತು ಎಲ್ಲಿಂದ ಬರಬೇಕು.

ತಪ್ಪಿಸಿಕೊಂಡ ಚೂರು ಅಂದೆನಲ್ಲ, ಅಂಥದ್ದು ಆಗೀಗ ಸಿಗುತ್ತದೆ. ಹೋದ ಮಳೆಗಾಲದಲ್ಲಿ ಚೆಟ್ಟಳ್ಳಿ ಕಡೆಯ ಒಬ್ಬ ಅಕ್ಕ ತಮ್ಮ ಮದುವೆ ಕ್ಯಾಸೆಟ್ ತಂದರು. ಉದ್ದಕ್ಕೂ ಹಾಡೇ ಹಾಡು. ಊಟದ ಹೊತ್ತಿಗೆ ಬಂದಾಗ ಹಾಡಿನ ಕ್ಯಾಸೆಟ್ ಮುಗಿದಿರಬೇಕು, ಮಿಕ್ಸಿಂಗ್ ಮಾಡುವವರು ಚಹಾಕ್ಕೆ ಎದ್ದು ಹೋಗಿರಬೇಕು. ಇದ್ದಕ್ಕಿದ್ದ ಹಾಗೆ ಚಪ್ಪರದ ನಿಜವಾದ ಸದ್ದು ಸ್ಪೀಕರಿನಲ್ಲಿ ಎದ್ದು ಬಂತು. ಬಕೆಟ್ಟಿಗೆ ಸೌಟು ಬಡಿಯುವುದು, ಮಗು ಅಳುವುದು, ಯಾರೋ ಸೀನಿದ್ದು. ಒಬ್ಬರು ಗಟ್ಟಿ ಗಂಟಲಲ್ಲಿ "ಆ ಕಡೆಯ ಸಾಲಿಗೆ ಎರಡು ಸಲ ಹೋಯ್ತು, ನಾವೇನು ಬಾಡಿಗೆಗೆ ಬಂದವರಾ?" ಅಂತ ಬಡಿಸುವವರನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದರು. ಅಕ್ಕ ಕುರ್ಚಿಯಿಂದ ಎದ್ದೇಬಿಟ್ಟರು. "ಇದು ನಮ್ಮ ದೊಡ್ಡಪ್ಪ! ಮದುವೆಯಲ್ಲಿ ಊಟಕ್ಕೆ ಜಗಳ ಮಾಡಿದ್ದೇ ಇಲ್ಲ ಅಂತ ಸಾಯುವವರೆಗೂ ವಾದ ಮಾಡಿದ್ರು. ಈಗ ಸಾಕ್ಷಿ ಸಿಕ್ತು ನೋಡಿ" ಅಂತ ಹೊಟ್ಟೆ ಹಿಡಿದುಕೊಂಡು ನಕ್ಕರು.

ಅದರ ಹಿಂದೆಯೇ ಹೆಣ್ಣು ಒಪ್ಪಿಸಿಕೊಡುವ ಜಾಗ ಬಂತು. ಇನ್ನೂ ಹಾಡು ಹಾಕಿರಲಿಲ್ಲ. ಅಜ್ಜಿಯೊಬ್ಬರು ಶೋಭಾನೆ ಎತ್ತಿಕೊಂಡರು. ಒಂದು ನುಡಿಗೆ ಬಂದು ನಿಂತರು, ಮರೆತಿತ್ತು. ಪಕ್ಕದವರು "ಏ ಗೂಡೆ (ಹುಡುಗಿ), ನೀ ಹೇಳು" ಅಂತ ಕಿರಿಯಳೊಬ್ಬಳನ್ನು ಮುಂದೆ ತಳ್ಳಿದರು. ಅವಳು ಆ ನುಡಿ ಪೂರ್ತಿ ಹೇಳಿಕೊಟ್ಟಳು. ಹಾಡು ಮುಂದುವರಿಯಿತು. ಅಷ್ಟರಲ್ಲಿ ಮಿಕ್ಸಿಂಗ್‌ನವರ ಚಹಾ ಮುಗಿದಿರಬೇಕು. ಮತ್ತೆ ಉದಿತ್ ನಾರಾಯಣ್. ಆ ಗೂಡೆ ಯಾರು ಅಂತ ಅಕ್ಕನಿಗೆ ಗೊತ್ತಿತ್ತು. ಈಗ ಬೆಂಗಳೂರಿನಲ್ಲಿ ಮೊಮ್ಮಕ್ಕಳ ಜೊತೆ ಇದ್ದಾರಂತೆ. ನನ್ನ ಅಂಗಡಿಯಿಂದಲೇ ಫೋನ್ ಹಚ್ಚಿ ಆ ನುಡಿ ಹೇಳಿಸಿ ನೋಡಿದೆವು. ಅವರಿಗೆ ಅರ್ಧವೇ ನೆನಪಿತ್ತು. ಉಳಿದರ್ಧವನ್ನು ಅವರದೇ ಎಳೆ ಗಂಟಲಿನಿಂದ ಫೋನಿನಲ್ಲಿ ಅವರಿಗೇ ಕೇಳಿಸಿದೆವು.

ಹೀಗೆ ಉಳಿದಿದ್ದೆಲ್ಲ ಕೈತಪ್ಪಿನಿಂದ ಉಳಿದಿದ್ದು. ಬೇಕು ಅಂತ ಯಾರೂ ಉಳಿಸಿದ್ದಲ್ಲ.

ನಡುವಿನ ಕಾಲದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೈಗೆ ಮಿನಿ ಡಿವಿ ಅನ್ನುವ ಪುಟ್ಟ ಡಿಜಿಟಲ್ ಕ್ಯಾಸೆಟ್ ಬಂತು, ಮಿಕ್ಸಿಂಗ್ ಕಂಪ್ಯೂಟರಿಗೆ ಬಂತು, ಮನೆಗಳಿಗೆ ವಿಸಿಡಿ ಹೋಯಿತು, ಆಮೇಲೆ ಡಿವಿಡಿ. ಒಂದೇ ಮಾತು. ಮಿನಿ ಡಿವಿಯಲ್ಲಿ ಶಬ್ದ ಡಿಜಿಟಲ್, ಆಡಿಯೋ ಸಿಡಿಗೆ ಏನೂ ಕಡಿಮೆ ಇಲ್ಲದ ಗುಣಮಟ್ಟ. ಇಡೀ ಮದುವೆಯ ವಾಲಗವನ್ನು ಕೊಂಬು, ಕೊಟ್ಟು ವಾದ್ಯಗಳ ಸಮೇತ ಶುದ್ಧವಾಗಿ ಉಳಿಸಬಹುದಾಗಿತ್ತು. ಎಡಿಟ್ ಮಾಡುವ ಟೇಬಲ್ಲಿಗೆ ಬಂದ ಕೂಡಲೇ ಮೊದಲು ಒತ್ತುತ್ತಿದ್ದ ಬಟನ್ ಮ್ಯೂಟ್.

2008ರಲ್ಲಿ ಕ್ಯಾನನ್‌ನ 5ಡಿ ಮಾರ್ಕ್ 2 ಬಂತು. ಫೋಟೋ ಕ್ಯಾಮೆರಾದಲ್ಲೇ ಸಿನಿಮಾದಂಥ ವಿಡಿಯೋ. ಹಿಂದಿನದೆಲ್ಲ ಮಂಜು, ಮುಖ ಮಾತ್ರ ಚೂಪು. ನೋಡಿ ನಾವೂ ಬಾಯಿ ಬಿಟ್ಟೆವು. ಆದರೆ ಒಂದೇ ಉಸಿರಿಗೆ ಅದು ಓಡುತ್ತಿದ್ದದ್ದು ಹನ್ನೆರಡು ನಿಮಿಷದ ಆಸುಪಾಸು. ಆಮೇಲೆ ಬಂದ ಎಷ್ಟೋ ಕ್ಯಾಮೆರಾಗಳು ಮೂವತ್ತು ನಿಮಿಷಕ್ಕೆ ಒಂದು ಸೆಕೆಂಡ್ ಇರುವಾಗ ತಾವಾಗಿಯೇ ನಿಲ್ಲುತ್ತಿದ್ದವು. ಯಾಕೆ ಗೊತ್ತಾ? ಅರ್ಧ ಗಂಟೆ ಮೀರಿ ರೆಕಾರ್ಡ್ ಮಾಡಿದರೆ ಯುರೋಪಿನಲ್ಲಿ ಅದನ್ನು ವಿಡಿಯೋ ಕ್ಯಾಮೆರಾ ಅಂತ ಲೆಕ್ಕ ಹಿಡಿದು ಜಾಸ್ತಿ ಸುಂಕ ಹಾಕುತ್ತಿದ್ದರು. ಯುರೋಪಿನ ಸುಂಕದ ಲೆಕ್ಕಕ್ಕೆ ಮಡಿಕೇರಿಯ ಧಾರೆ ಅರ್ಧದಲ್ಲೇ ಕಟ್! ಹಳೇ ಕ್ಯಾಮೆರಾದವರು ಮೂರು ಗಂಟೆಯ ಕ್ಯಾಸೆಟ್ ಹಾಕಿ ಒಂದೇ ಕಡೆ ನಿಂತಿರುತ್ತಿದ್ದರು. ಈಗಿನವರು ಹತ್ತು ಸೆಕೆಂಡ್ ತೆಗೆದು ಜಾಗ ಬದಲಿಸುತ್ತಾರೆ. ಹತ್ತು ಸೆಕೆಂಡಿನಲ್ಲಿ ಒಂದು ಶೋಭಾನೆಯ ಅರ್ಧ ನುಡಿಯೂ ಆಗುವುದಿಲ್ಲ.

ಮತ್ತೆ ಈ ಸ್ಲೋ ಮೋಷನ್. ಅಕ್ಕಿ ಕಾಳು ಗಾಳಿಯಲ್ಲಿ ತೇಲಬೇಕು, ಜಡೆ ನಿಧಾನಕ್ಕೆ ಹಾರಬೇಕು. ಚಂದವೇ, ಇಲ್ಲ ಅನ್ನುವುದಿಲ್ಲ. ಆದರೆ ಹಾಗೆ ತೆಗೆಯುವಾಗ ಎಷ್ಟೋ ಕ್ಯಾಮೆರಾಗಳು ಶಬ್ದವನ್ನು ರೆಕಾರ್ಡೇ ಮಾಡುವುದಿಲ್ಲ. ಮೊದಲು ಶಬ್ದ ಹಿಡಿದು ಆಮೇಲೆ ಅಳಿಸುತ್ತಿದ್ದರು. ಈಗ ಹಿಡಿಯುವುದೇ ಇಲ್ಲ. ಅಳಿಸುವ ಕೆಲಸವೂ ತಪ್ಪಿತು.

ಡ್ರೋನ್ ಬಗ್ಗೆ ಕೇಳಬೇಡಿ. ಕಾಫಿ ತೋಟದ ಮೇಲಿನಿಂದ ಮಂಟಪ ತೋರಿಸಿದರೆ ನನಗೂ ಖುಷಿಯೇ. ಆದರೆ ಕೊಡವರ ಮದುವೆಯ ಶಾಸ್ತ್ರದಲ್ಲಿ ಬಾಳೆ ದಿಂಡು ಕಡಿಯುವಾಗ, ಎಲ್ಲರೂ ಉಸಿರು ಹಿಡಿದು ಕತ್ತಿಯ ಏಟು ನೋಡುವಾಗ, ತಲೆ ಮೇಲೆ ಗುಂಯ್ ಅಂತ ಅದು ಸುತ್ತಿದರೆ ವಾಲಗದವರು ಯಾರಿಗೆ ಊದಬೇಕು? ಒಂದು ಮದುವೆಯಲ್ಲಿ ಕೊಂಬು ಊದುತ್ತಿದ್ದ ಹಿರಿಯರು ಊದುವುದು ನಿಲ್ಲಿಸಿ ಮೇಲೆ ನೋಡುತ್ತ ನಿಂತಿದ್ದನ್ನು ಕಂಡಿದ್ದೇನೆ. ಅದು ಇಳಿಯುವವರೆಗೂ ಅವರು ಮತ್ತೆ ಕೊಂಬು ಎತ್ತಲಿಲ್ಲ. ಸರಿಯಾಗಿಯೇ ಮಾಡಿದರು.

2020ರಲ್ಲಿ ಕೊರೊನಾ ಬಂದು ಮದುವೆಗೆ 50 ಜನ ಅಂತ ಕಟ್ಟಲೆಯಾದಾಗ ಯೂಟ್ಯೂಬ್ ಲೈವ್ ನಮ್ಮೂರಿಗೂ ಬಂತು. ಸ್ವಲ್ಪ ಆಸೆ ಹುಟ್ಟಿದ್ದು ಆವಾಗಲೇ. ಲೈವ್‌ನಲ್ಲಿ ಎಡಿಟ್ ಇಲ್ಲ, ಸ್ಲೋ ಮೋಷನ್ ಇಲ್ಲ, ನಡೆದದ್ದು ನಡೆದ ಹಾಗೆ. ದುಬೈಯಲ್ಲಿದ್ದವರು ಧಾರೆಯ ಮಾತನ್ನೂ ಕೇಳಿದರು, ಅಡುಗೆಯವರ ಬೈಗುಳವನ್ನೂ ಕೇಳಿದರು. ಆದರೆ ಹಾಲ್‌ನಲ್ಲಿ ಡಿಜೆಯವರು ಸಿನಿಮಾ ಹಾಡು ಹಾಕಿದ್ದರಲ್ಲ. ಮಾರನೇ ದಿನ ನೋಡಿದರೆ ಹಕ್ಕಿನ ತಕರಾರು ಅಂತ ಯೂಟ್ಯೂಬ್ ಅಷ್ಟು ಭಾಗಕ್ಕೆ ಶಬ್ದವನ್ನೇ ತೆಗೆದಿದೆ. ಮದುವೆಯಲ್ಲಿ ಸಿನಿಮಾ ಹಾಡು ಹಾಕಿದರೆ ಕಾನೂನಿನ ಪ್ರಕಾರ ತಪ್ಪಿಲ್ಲ. ಕಾಪಿರೈಟ್ ಕಾಯ್ದೆಯಲ್ಲೇ ಮದುವೆ ದಿಬ್ಬಣಕ್ಕೂ ಮದುವೆ ಸಮಾರಂಭಕ್ಕೂ ವಿನಾಯಿತಿ ಇದೆ. 2023ರಲ್ಲಿ ಕೇಂದ್ರ ಸರ್ಕಾರ ಇದನ್ನು ಮತ್ತೊಮ್ಮೆ ಸ್ಪಷ್ಟಪಡಿಸಿತು. ಆದರೆ ಅದೇ ಹಾಡು ಇರುವ ವಿಡಿಯೋವನ್ನು ನೆಟ್ಟಿಗೆ ಹಾಕುವುದು ಬೇರೆ ಮಾತು. ಅಲ್ಲಿ ಯಂತ್ರ ಹಾಡನ್ನು ಗುರುತು ಹಿಡಿಯುತ್ತದೆ, ಹಾಡಿನ ಜೊತೆಗೆ ನಿಮ್ಮ ತಾತನ ಮಾತನ್ನೂ ಮುಚ್ಚುತ್ತದೆ. ವಾಲಗಕ್ಕೆ ಯಾವ ಕಂಪನಿಯೂ ನೋಟಿಸ್ ಕಳಿಸುವುದಿಲ್ಲ, ನೆನಪಿಟ್ಟುಕೊಳ್ಳಿ.

ನನ್ನ ಅಕ್ಕನ ಮಗ ಗೋಣಿಕೊಪ್ಪದಲ್ಲಿ ಇದೇ ಕೆಲಸ ಮಾಡುತ್ತಾನೆ. ಒಳ್ಳೆಯ ಕೈ. ಅವನ ಜೊತೆ ಈ ಜಗಳ ಆಗಾಗ ಇದ್ದದ್ದೇ. "ಮಾವಾ, ನಾಲ್ಕು ನಿಮಿಷಕ್ಕಿಂತ ಜಾಸ್ತಿ ಯಾರೂ ನೋಡಲ್ಲ. ರೀಲ್ಸ್ ಆದ್ರೆ ಅರ್ಧ ನಿಮಿಷ. ಅದ್ರಲ್ಲಿ ನಿಮ್ಮ ಶೋಭಾನೆ ಎಲ್ಲಿ ಹಾಕ್ಲಿ?" ಅಂತಾನೆ. ಅವನು ಹೇಳುವುದು ಸುಳ್ಳಲ್ಲ. ದುಡ್ಡು ಕೊಡುವವರು ಕೇಳುವುದೂ ಅದನ್ನೇ. ಮದುವೆಗೆ ಮುಂಚೆ ಮಾಂದಲಪಟ್ಟಿಗೆ ಜೀಪಿನಲ್ಲಿ ಹೋಗಿ ಪ್ರೀ ವೆಡ್ಡಿಂಗ್, ಆಮೇಲೆ ಟೀಸರ್, ಆಮೇಲೆ ಹೈಲೈಟ್ಸ್. ಮಾಡಲಿ, ಅವರ ಮದುವೆ ಅವರ ಖುಷಿ. ಹೈಲೈಟ್ಸ್‌ಗೆ ಯಾವ ಹಾಡು ಬೇಕಾದರೂ ಹಾಕಿಕೊಳ್ಳಲಿ. ನಾನು ಕೇಳುವುದು ಅದಲ್ಲ. ತೆಗೆದದ್ದರಲ್ಲಿ ಶಬ್ದ ಇರಲಿ, ಮತ್ತು ಅದು ಎಲ್ಲಾದರೂ ಒಂದು ಕಡೆ ಇಡಿಯಾಗಿ ಉಳಿಯಲಿ. ಇಷ್ಟೇ.

ನಡಿಕೇರಿಯಂಡ ಚಿಣ್ಣಪ್ಪನವರು ಕೊಡವರ ಹಾಡುಗಳನ್ನು ಊರೂರು ತಿರುಗಿ ಬರೆದುಕೊಂಡು 1924ರಲ್ಲಿ 'ಪಟ್ಟೋಲೆ ಪಳಮೆ' ಅಂತ ಪುಸ್ತಕ ಮಾಡಿದರು. ಮದುವೆ ಹಾಡೂ ಅದರಲ್ಲಿದೆ. ಅವರ ಕೈಯಲ್ಲಿ ಇದ್ದದ್ದು ಪೆನ್ನು ಕಾಗದ. ಹಾಡಿನ ಸಾಲು ಉಳಿಯಿತು. ದುಡಿ ಅನ್ನುವ ಪುಟ್ಟ ವಾದ್ಯ ಬಡಿಯುತ್ತ ನಾಲ್ಕು ಜನ ಬಾಳೋ ಪಾಟ್ ಅನ್ನುವ ಕೊಡವ ಹಾಡು ಹಾಡುವಾಗ ಉಸಿರು ಎಲ್ಲಿ ಎಳೆಯುತ್ತಾರೆ, ಎಲ್ಲಿ ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ಎತ್ತಿಕೊಳ್ಳುತ್ತಾರೆ ಅನ್ನುವುದನ್ನು ಕಾಗದ ಹಿಡಿಯಲಾರದು. ಅದನ್ನು ಹಿಡಿಯುವ ಯಂತ್ರ ಹೊತ್ತುಕೊಂಡು ನಾವು ಇಷ್ಟು ವರ್ಷ ಮದುವೆ ಮದುವೆಗೆ ಹೋದೆವು. 2011ರ ಜನಗಣತಿಯಲ್ಲಿ ಕೊಡವ ತಕ್ಕ್ ನಮ್ಮ ಮಾತೃಭಾಷೆ ಅಂತ ಬರೆಸಿದವರು ಒಂದು ಲಕ್ಷ ಚಿಲ್ಲರೆ ಜನ. ನಮ್ಮ ಅರೆಭಾಷೆಯಲ್ಲೂ ಶೋಭಾನೆ ಪೂರ್ತಿ ಗೊತ್ತಿರುವವರು ಊರಿಗೆ ಎಷ್ಟು ಜನ ಇದ್ದಾರೆ, ನೀವೇ ಲೆಕ್ಕ ಹಾಕಿ. ಮಡಿಕೇರಿ ಆಕಾಶವಾಣಿಯವರು ಎರಡೂ ಭಾಷೆಯ ಕಾರ್ಯಕ್ರಮ ಮಾಡುತ್ತಾರೆ, ಎರಡೂ ಭಾಷೆಗೆ ಅಕಾಡೆಮಿಗಳೂ ಇವೆ. ಅದು ಸ್ಟುಡಿಯೋದಲ್ಲಿ ಕೂರಿಸಿ ಹಾಡಿಸಿದ್ದು. ಅಲ್ಲಿ ಯಾರೂ ನುಡಿ ಮರೆತು ನಿಲ್ಲುವುದಿಲ್ಲ, ಯಾರೂ "ನೀ ಹೇಳು" ಅಂತ ತಳ್ಳುವುದಿಲ್ಲ.

ಈ ವರ್ಷ ಮನೆಯಲ್ಲಿ ಮದುವೆ ಇಟ್ಟುಕೊಂಡವರಿಗೆ ಒಂದು ಮಾತು. ವಿಡಿಯೋದವರಿಗೆ ಅಡ್ವಾನ್ಸ್ ಕೊಡುವಾಗಲೇ ಹೇಳಿಬಿಡಿ. ಒಂದು ಕ್ಯಾಮೆರಾ ಸ್ಟ್ಯಾಂಡಿನ ಮೇಲೆ ನಿಂತೇ ಇರಲಿ, ಧಾರೆಯಾಗಲಿ ಮುಹೂರ್ತವಾಗಲಿ ಶುರುವಿನಿಂದ ಕೊನೆಯವರೆಗೆ ನಿಲ್ಲಿಸದೆ ಓಡಲಿ. ಶಬ್ದ ಹಿಡಿಯುವ ಪುಟ್ಟ ರೆಕಾರ್ಡರ್ ಎಷ್ಟೋ ಸ್ಟುಡಿಯೋದವರ ಹತ್ತಿರ ಇರುತ್ತದೆ. ಹಾಡುವವರ ಹತ್ತಿರ, ಅರುವರ ಹತ್ತಿರ ಇಡಲು ಹೇಳಿ. ವಾಲಗಕ್ಕೆ ಮಾತ್ರ ಸ್ವಲ್ಪ ದೂರ ಇಡಬೇಕು, ಹತ್ತಿರ ಇಟ್ಟರೆ ಶಬ್ದ ಒಡೆಯುತ್ತದೆ. ಅವರು ಆಗಲ್ಲ ಅಂದರೆ ಬಿಡಿ, ಹಾಡುವವರ ಪಕ್ಕ ಕೂತ ಯಾವುದಾದರೂ ಹುಡುಗಿಯ ಕೈಗೆ ಫೋನ್ ಕೊಟ್ಟು ವಾಯ್ಸ್ ರೆಕಾರ್ಡರ್ ಒತ್ತಿಸಿ, ಏರೋಪ್ಲೇನ್ ಮೋಡಿನಲ್ಲಿಟ್ಟು. ಎಡಿಟ್ ಮಾಡಿದ್ದರ ಜೊತೆ ಎಡಿಟ್ ಮಾಡದ್ದನ್ನೂ ಹಾರ್ಡ್ ಡಿಸ್ಕಿಗೆ ಹಾಕಿಸಿಕೊಳ್ಳಿ. ಕೇಳದಿದ್ದರೆ ಕೆಲವು ತಿಂಗಳಾದ ಮೇಲೆ ಜಾಗ ಇಲ್ಲ ಅಂತ ಡಿಲೀಟ್ ಮಾಡುತ್ತಾರೆ. ಅವರನ್ನು ಬೈಯುವ ಹಾಗೂ ಇಲ್ಲ, ಸೀಸನ್‌ನಲ್ಲಿ ಅವರಿಗೆ ಎಷ್ಟೋ ಮದುವೆ.

ಅಟ್ಟದಲ್ಲೋ ಶೋಕೇಸಿನಲ್ಲೋ ಹಳೇ ಕ್ಯಾಸೆಟ್ ಇರುವವರು ಮಳೆ ಹಿಡಿಯುವ ಮುಂಚೆ ಒಮ್ಮೆ ತೆಗೆದು ಕಿಟಕಿಯಲ್ಲಿ ಬೂಷ್ಟು ಇದೆಯಾ ನೋಡಿ. ಇದ್ದರೆ ದಯವಿಟ್ಟು ವಿಸಿಆರ್‌ಗೆ ಹಾಕಿ ಪ್ಲೇ ಮಾಡಬೇಡಿ. ಬೂಷ್ಟು ಟೇಪ್ ಓದುವ ಹೆಡ್ಡಿಗೆ ಮೆತ್ತಿಕೊಂಡು, ಆಮೇಲೆ ಹಾಕುವ ಒಳ್ಳೆಯ ಕ್ಯಾಸೆಟ್ಟಿಗೂ ಹರಡುತ್ತದೆ. ಬಿಸಿಲಿಗೂ ಇಡಬೇಡಿ, ಟೇಪ್ ಸುರುಟಿಕೊಳ್ಳುತ್ತದೆ. ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ನಿಲ್ಲಿಸಿ ಇಡಿ, ತಿಳಿದವರ ಹತ್ತಿರ ಕ್ಲೀನ್ ಮಾಡಿಸಿದ ಮೇಲೆ ಕಾಪಿ ಮಾಡಿಸಿ. ಇದನ್ನು ಮುಂದೆ ಹಾಕಬೇಡಿ. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನೈ, 2016ರಲ್ಲೇ ನಿಲ್ಲಿಸಿತು. ನನ್ನ ಹತ್ತಿರ ಇರುವ ಮೆಷಿನ್‌ಗಳಿಗೆ ಬೆಲ್ಟ್ ಹುಡುಕುವಷ್ಟರಲ್ಲೇ ಸಾಕುಸಾಕಾಗುತ್ತದೆ. ನಿಮ್ಮ ಮನೆಯಲ್ಲಿ ಓಡುವ ವಿಸಿಆರ್ ಸುಮ್ಮನೆ ಬಿದ್ದಿದ್ದರೆ ಗುಜರಿಗೆ ಹಾಕುವ ಮುಂಚೆ ನನಗೊಂದು ಮೆಸೇಜ್ ಮಾಡಿ.